ಮೊರ್ವಾಂ ಕಾಡುಗುಡ್ಡಗಳಲ್ಲಿ ಓಡುವವರಿಗೆ

ಫ್ರಾನ್ಸಿನ ಮೊರ್ವಾಂ ಗುಡ್ಡಗಾಡಿನ ಅತಿ ಎತ್ತರದ ಗುಡ್ಡ ಓ-ಫೊಲ್ಯಾಂ. ಎತ್ತರ ಬರೀ 901 ಮೀಟರ್. ಈ ಅಂಕಿ ನೋಡಿ ಹಗುರವಾಗಿ ಹೊರಟವರೇ ಇಲ್ಲಿ ಹೆಚ್ಚಾಗಿ ಸೋಲುವುದು. ದೊಡ್ಡ ಬೆಟ್ಟದಲ್ಲಿ ಒಂದು ಏರು, ಒಂದು ಇಳಿಜಾರು ಎಂಬ ಲೆಕ್ಕ ಸಿಗುತ್ತದೆ. ಇಲ್ಲಿ ಅರವತ್ತು ಮೀಟರ್ ಹತ್ತಿದ ಕೂಡಲೇ ಹಳ್ಳಕ್ಕೆ ಇಳಿಯಬೇಕು, ಹಳ್ಳ ದಾಟಿದರೆ ಮತ್ತೆ ಎಂಬತ್ತು ಮೀಟರ್ ಏರು. ಸುತ್ತ ಬೀಚ್, ಓಕ್, ಡಗ್ಲಸ್ ಫರ್ ಮರಗಳು ಗೋಡೆಯಂತೆ ನಿಂತಿರುವುದರಿಂದ ದೂರದ ಗುರುತು ಒಂದೂ ಕಣ್ಣಿಗೆ ಬೀಳುವುದಿಲ್ಲ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳನ್ನು ಈ ಗುಡ್ಡಗಳು ತಡೆದು ನಿಲ್ಲಿಸುತ್ತವೆ, ಹಾಗಾಗಿ ನೆಲ ವರ್ಷದ ಬಹುಭಾಗ ಒದ್ದೆ. ಆದ್ದರಿಂದಲೇ ಮೊರ್ವಾಂನ ಓಟದ ಅರ್ಧ ಕೆಲಸ ಹಿಂದಿನ ರಾತ್ರಿ ನಕ್ಷೆಯ ಮುಂದೆಯೇ ಮುಗಿದಿರಬೇಕು.

ಇದು ಬುರ್ಗುಂಡಿ ಸೀಮೆಯ ನಡುವಿನ ಗ್ರಾನೈಟ್ ನಾಡು. ನಿಯೇವ್ರ್, ಯೋನ್, ಕೋತ್-ದೋರ್, ಸೋನ್-ಎ-ಲ್ವಾರ್ ಎಂಬ ನಾಲ್ಕು ಜಿಲ್ಲೆಗಳಿಗೆ ಹಂಚಿಕೊಂಡಿದೆ. 1970ರಲ್ಲಿ ಇದನ್ನು ಪ್ರಾದೇಶಿಕ ನಿಸರ್ಗ ಉದ್ಯಾನ ಎಂದು ಗುರುತಿಸಲಾಯಿತು. ಪ್ಯಾರಿಸ್ಸಿನಲ್ಲೋ ಲಿಯೋನಿನಲ್ಲೋ ಓದಿಗೆ, ಕೆಲಸಕ್ಕೆ ಬಂದಿರುವ ಕನ್ನಡಿಗರು ವಾರಾಂತ್ಯದಲ್ಲಿ ತಲುಪಬಹುದಾದಷ್ಟು ಹತ್ತಿರ.

ಎಲ್ಲಿಂದ ಶುರು ಮಾಡುವುದು

ಮೊದಲ ಸಲ ಬರುವವರು ಸೆತ್ತೋಂ ಕೆರೆ ಸುತ್ತಲಿ. ಸುತ್ತಳತೆ ಸುಮಾರು 15 ಕಿ.ಮೀ. ಏರಿಳಿತ ಕಡಿಮೆ, ನೀರು ಯಾವಾಗಲೂ ಒಂದೇ ಪಕ್ಕದಲ್ಲಿರುವುದರಿಂದ ದಾರಿ ತಪ್ಪುವುದು ಕಷ್ಟ. ಈ ಕೆರೆ ಮನುಷ್ಯರು ಕಟ್ಟಿದ್ದು. ಪ್ಯಾರಿಸ್ಸಿನ ಒಲೆಗಳಿಗೆ ಬೇಕಾದ ಸೌದೆಯನ್ನು ಇಲ್ಲಿನ ಹೊಳೆಗಳಲ್ಲಿ ತೇಲಿಬಿಟ್ಟು ಕಳಿಸುತ್ತಿದ್ದ ಕಾಲದಲ್ಲಿ, ಹೊಳೆಗೆ ಬೇಕೆಂದಾಗ ನೀರು ಬಿಡಲು 1854ರಿಂದ 1861ರವರೆಗೆ ಈ ಅಣೆಕಟ್ಟು ಕಟ್ಟಿದರು. ಒದ್ದೆ ಬೇರು, ಮರದ ಕಾಲುಸೇತುವೆ, ಕೆಸರು ಎಲ್ಲವೂ ಇಲ್ಲಿ ಸ್ವಲ್ಪ ಸ್ವಲ್ಪ ಸಿಗುವುದರಿಂದ ಕಾಲಿಗೆ ಒಳ್ಳೆಯ ಪಾಠ.

ಎರಡನೆಯ ಸಲಕ್ಕೆ ದಕ್ಷಿಣದ ಎತ್ತರದ ಭಾಗ: ಗ್ಲು-ಆಂ-ಗ್ಲೆನ್ ಹಳ್ಳಿ, ಯೋನ್ ನದಿ ಹುಟ್ಟುವ ಪ್ರೆನೆಲೇ ಗುಡ್ಡ (855 ಮೀ), ಬ್ಯೂವ್ರೇ ಗುಡ್ಡ (821 ಮೀ). ಬ್ಯೂವ್ರೇ ನೆತ್ತಿಯಲ್ಲಿ ಪುರಾತನ ಫ್ರಾನ್ಸಿನ ಗಾಲ್ ಜನರ ಬಿಬ್ರಾಕ್ತ್ ಕೋಟೆಪಟ್ಟಣದ ಅವಶೇಷಗಳಿವೆ. ಕ್ರಿ.ಪೂ. 52ರಲ್ಲಿ ವೆರ್ಸಿಂಜೆತೊರಿಕ್ಸ್ ರೋಮಿನ ಸೀಸರನ ವಿರುದ್ಧ ಒಟ್ಟಾದ ಗಾಲ್ ಪಡೆಗಳ ನಾಯಕತ್ವ ಪಡೆದದ್ದು ಇಲ್ಲೇ. ಅಲ್ಲಿನ ಮುದಿ ಬೀಚ್ ಮರಗಳನ್ನು ಊರವರು 'ಕ್ಯೂಲ್' ಎನ್ನುತ್ತಾರೆ. ಒಂದು ಕಾಲದಲ್ಲಿ ಬೇಲಿಗೆಂದು ಬಗ್ಗಿಸಿ ಹೆಣೆದ ಗಿಡಗಳು ಆಮೇಲೆ ಬಿಟ್ಟಲ್ಲೇ ಬೆಳೆದು, ಬುಡದಲ್ಲಿ ಹಾವಿನಂತೆ ಸುತ್ತಿಕೊಂಡು ನಿಂತಿವೆ. ಅವುಗಳ ಬೇರಿನ ಮೇಲೆ ಕಾಲಿಡಬೇಡಿ. ಬೇರಿಗೂ ಒಳ್ಳೆಯದಲ್ಲ, ನಿಮ್ಮ ಕಾಲ್ಗಿಣ್ಣಿಗೂ ಒಳ್ಳೆಯದಲ್ಲ.

ಕಾರಿಲ್ಲದವರಿಗೆ ಅವಾಲ್ಲೋಂ ಸುಲಭ. ಪ್ಯಾರಿಸ್ಸಿನ ಬೆರ್ಸಿ ನಿಲ್ದಾಣದಿಂದ ಆ ಕಡೆಗೆ ಪ್ರಾದೇಶಿಕ ರೈಲು ಹೋಗುತ್ತದೆ. ಊರಿನ ಕೋಟೆಗೋಡೆಯ ಕೆಳಗೇ ಕುಜ್ಯಾಂ ನದಿಯ ಕಾಡುಕಣಿವೆ ಇದೆ. ಹಿಂತಿರುಗುವ ರೈಲಿನ ಸಮಯ ನೋಡದೆ ಹೊರಡಬೇಡಿ. ಭಾನುವಾರ ರೈಲುಗಳು ಕಡಿಮೆ.

ನಕ್ಷೆ ಓದಿ, ಹೊತ್ತು ಲೆಕ್ಕ ಹಾಕಿ

ಫ್ರಾನ್ಸಿನ ಐಜಿಎನ್ ಸಂಸ್ಥೆಯ 1:25,000 ನಕ್ಷೆ ಬೇಕು. ಅದರಲ್ಲಿ 1 ಸೆ.ಮೀ. ಎಂದರೆ ನೆಲದ ಮೇಲೆ 250 ಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಸಮೋನ್ನತಿ ಗೆರೆಗಳ ನಡುವಿನ ಎತ್ತರದ ಅಂತರ 5 ಮೀಟರೋ 10 ಮೀಟರೋ ಎಂಬುದು ನಕ್ಷೆಯ ಅಂಚಿನಲ್ಲಿ ಬರೆದಿರುತ್ತದೆ. ಮೊದಲು ಅದನ್ನು ನೋಡಿ. ಅಂತರ 5 ಮೀಟರ್ ಎಂದಿಟ್ಟುಕೊಳ್ಳಿ. ನಿಮ್ಮ ದಾರಿ 1 ಸೆ.ಮೀ. ಉದ್ದಕ್ಕೆ ಹತ್ತು ಗೆರೆ ದಾಟಿದರೆ 250 ಮೀಟರಿಗೆ 50 ಮೀಟರ್ ಏರು, ಅಂದರೆ ನೂರಕ್ಕೆ 20. ಅಲ್ಲಿ ಓಡುವ ಆಸೆ ಬಿಟ್ಟು ನಡೆಯಬೇಕೆಂದು ಈಗಲೇ ತೀರ್ಮಾನಿಸಿ. ಗೆರೆಗಳು ದಾರಿಗೆ ಸಮಾನಾಂತರವಾಗಿ ಸಾಗುತ್ತಿದ್ದರೆ ಅದು ಗುಡ್ಡದ ಮಗ್ಗುಲಿನ ಮಟ್ಟಸ ದಾರಿ, ಓಟಕ್ಕೆ ಹೇಳಿ ಮಾಡಿಸಿದ್ದು.

ಆಮೇಲೆ ಶ್ರಮದ ಲೆಕ್ಕ. ಫ್ರಾನ್ಸಿನ ಓಟಗಾರರು ಒಟ್ಟು ಏರನ್ನು 'ಡಿ ಪ್ಲಸ್' ಎನ್ನುತ್ತಾರೆ, ಪ್ರತಿ 100 ಮೀಟರ್ ಏರಿಗೆ 1 ಕಿ.ಮೀ. ಸೇರಿಸಿ ಬರುವ ಮೊತ್ತವನ್ನು 'ಕಿಲೋಮೀಟರ್-ಎಫೋರ್' ಎನ್ನುತ್ತಾರೆ. 18 ಕಿ.ಮೀ. ದಾರಿಯಲ್ಲಿ 550 ಮೀಟರ್ ಏರಿದ್ದರೆ 18 + 5.5 = 23.5. ರಸ್ತೆಯಲ್ಲಿ ಕಿಲೋಮೀಟರಿಗೆ 6 ನಿಮಿಷ ತೆಗೆದುಕೊಳ್ಳುವವರು ಕಾಡಿನ ಒದ್ದೆ ನೆಲಕ್ಕೆ 7 ನಿಮಿಷ ಹಿಡಿಯಲಿ. 23.5ನ್ನು 7ರಿಂದ ಗುಣಿಸಿದರೆ ಹತ್ತಿರ ಹತ್ತಿರ 2 ಗಂಟೆ 45 ನಿಮಿಷ. ಇದನ್ನು ಬಿಟ್ಟು 18ನ್ನು 6ರಿಂದ ಗುಣಿಸಿ 1 ಗಂಟೆ 48 ನಿಮಿಷ ಸಾಕೆಂದುಕೊಂಡವರು ಸುಮಾರು ಒಂದು ಗಂಟೆ ತಪ್ಪಿರುತ್ತಾರೆ.

ಈ ಒಂದು ಗಂಟೆ ಜೂನ್‌ನಲ್ಲಿ ದೊಡ್ಡ ಮಾತಲ್ಲ, ರಾತ್ರಿ 9:30ರವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಸಂಜೆ 5ಕ್ಕೆ ಮೊದಲೇ ಮುಳುಗುತ್ತಾನೆ. ಮಧ್ಯಾಹ್ನ 2:30ಕ್ಕೆ ಹೊರಟು 4:20ಕ್ಕೆ ವಾಪಸ್ ಎಂದುಕೊಂಡವರು 5:15ಕ್ಕೆ ಇನ್ನೂ ಕಾಡಿನಲ್ಲೇ ಇರುತ್ತಾರೆ. ದಟ್ಟ ಡಗ್ಲಸ್ ತೋಪಿನೊಳಗೆ ಹೊರಗಿಗಿಂತ ಬೇಗನೆ ಕತ್ತಲಾಗುತ್ತದೆ, ಬೇರು ಯಾವುದು ನೆರಳು ಯಾವುದು ತಿಳಿಯುವುದಿಲ್ಲ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬೆಳಿಗ್ಗೆಯೇ ಹೊರಡಿ. ಹಗಲಿನ ಓಟವಾದರೂ ತಲೆದೀಪ ಚೀಲದಲ್ಲಿರಲಿ.

ಕೊನೆಯದಾಗಿ, ನಡುವೆ ಕೈಬಿಡಬೇಕಾಗಿ ಬಂದರೆ ಡಾಂಬರು ರಸ್ತೆಗೆ ಇಳಿಯುವ ಎರಡು ಮೂರು ಜಾಗಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ. ಫೋನಿಗೆ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ, ಸಿಗ್ನಲ್ ಹುಡುಕುತ್ತಾ ಫೋನ್ ಬ್ಯಾಟರಿಯನ್ನು ತಾನೇ ತಿಂದುಹಾಕುತ್ತದೆ. ಹಾಗಾಗಿ ಫ್ಲೈಟ್ ಮೋಡ್‌ನಲ್ಲಿಡಿ. ಜಿಪಿಎಸ್ ಅದರಲ್ಲೂ ಕೆಲಸ ಮಾಡುತ್ತದೆ.

ಶೂ, ಚೀಲ

ಶೂ ಅಟ್ಟೆಯ ಹಲ್ಲು 4ರಿಂದ 6 ಮಿ.ಮೀ. ಇರಲಿ, ಹಲ್ಲುಗಳ ನಡುವೆ ಅಂತರವಿರಲಿ. ಒತ್ತೊತ್ತಾಗಿದ್ದರೆ ಎಲೆ, ಕೆಸರು ಕಚ್ಚಿಕೊಂಡು ಹತ್ತು ನಿಮಿಷದಲ್ಲಿ ಅಟ್ಟೆ ನುಣ್ಣಗಾಗುತ್ತದೆ. ನೀರು ಒಳಬಿಡದ ಪೊರೆಯ ಶೂ ಇಲ್ಲಿಗೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಹಳ್ಳದ ನೀರು ಕಾಲ್ಗಿಣ್ಣಿನ ಮೇಲಿಂದ ಒಳಗೆ ಬಂದರೆ ಅದು ಹೊರಗೆ ಹೋಗಲು ದಾರಿ ಇರುವುದಿಲ್ಲ, ಪಾದ ನೆನೆದು ಬೊಬ್ಬೆ ಏಳುತ್ತದೆ. ಜಾಲರಿ ಬಟ್ಟೆಯ ಶೂ ಒದ್ದೆಯಾದರೂ ಓಡುತ್ತಲೇ ನೀರು ಹಿಂಡಿಕೊಳ್ಳುತ್ತದೆ. ಹತ್ತಿ ಕಾಲುಚೀಲ ಬೇಡ. ಉಣ್ಣೆಯದೋ ಸಿಂಥೆಟಿಕ್ಕೋ ಇರಲಿ, ಮೀನಖಂಡ ಮುಚ್ಚುವಷ್ಟು ಉದ್ದವಿರಲಿ. ಮುಳ್ಳುಪೊದೆಗೂ ಮುಂದೆ ಹೇಳುವ ಉಣುಗಿಗೂ ಅದೇ ಮೊದಲ ಬೇಲಿ.

ಎರಡು ಮೂರು ಗಂಟೆಯ ಓಟಕ್ಕೆ ಚೀಲದಲ್ಲಿ: 1 ಲೀಟರ್ ನೀರು (ಬೇಸಿಗೆಯಲ್ಲಿ ಒಂದೂವರೆ), ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಸಿಗುವಷ್ಟು ತಿನಿಸು, ಮಳೆಯ ಜಾಕೆಟ್, ಮೈ ಬೆಚ್ಚಗಿಡುವ ಹೊಳಪು ಹಾಳೆಯ ಹೊದಿಕೆ, ಸೀಟಿ, ಹಿಗ್ಗುವ ಬ್ಯಾಂಡೇಜ್, ತಲೆದೀಪ, ಸ್ವಲ್ಪ ನಗದು. ಕಡಲೆಕಾಯಿ ಚಿಕ್ಕಿ, ಖರ್ಜೂರ ಇಲ್ಲಿಯೂ ಚೆನ್ನಾಗಿ ನಡೆಯುತ್ತವೆ, ಜೆಲ್ ಪೊಟ್ಟಣವೇ ಬೇಕೆಂದಿಲ್ಲ. ಹೊದಿಕೆಯ ತೂಕ ಒಂದು ಬಾಳೆಹಣ್ಣಿಗಿಂತ ಕಡಿಮೆ. ಬೆವರಿದ ಮೈಯಲ್ಲಿ ಕಾಲು ಉಳುಕಿ ಕೂತರೆ 10 ಡಿಗ್ರಿ ಚಳಿಯಲ್ಲೂ ಸ್ವಲ್ಪ ಹೊತ್ತಿಗೇ ನಡುಕ ಹುಟ್ಟುತ್ತದೆ. ಆಗ ಅದರ ಬೆಲೆ ತಿಳಿಯುತ್ತದೆ.

ಮರದ ಮೇಲಿನ ಬಣ್ಣ

ಜಿಆರ್ ಎಂದು ಕರೆಯುವ ದೂರದ ದಾರಿಗಳಿಗೆ ಎರಡು ಅಡ್ಡಪಟ್ಟಿ: ಮೇಲೆ ಬಿಳಿ, ಕೆಳಗೆ ಕೆಂಪು. ಮೊರ್ವಾಂ ಮೂಲಕ ಹಾಯುವ ಜಿಆರ್ 13ರ ಗುರುತು ಇದೇ. ಮೇಲೆ ಹಳದಿ ಕೆಳಗೆ ಕೆಂಪು ಇದ್ದರೆ ಒಂದು ಸೀಮೆಯನ್ನು ಸುತ್ತುವ ದಾರಿ. ಒಂದೇ ಹಳದಿ ಪಟ್ಟಿ ಇದ್ದರೆ ಊರ ಸುತ್ತಲಿನ ಕಿರುದಾರಿ. ಪಟ್ಟಿಯ ಕೆಳಗೆ ಮಡಿಚಿದ ಬಾಣವಿದ್ದರೆ ಆ ಕಡೆಗೆ ತಿರುಗಬೇಕು. ಪಟ್ಟಿಗಳು ಕತ್ತರಿಯಂತೆ ಒಂದನ್ನೊಂದು ದಾಟಿದ್ದರೆ ಆ ದಾರಿ ನಿಮ್ಮದಲ್ಲ.

ಮರಗಳ ಮೇಲೆ ಬೇರೆ ಬಣ್ಣಗಳೂ ಇರುತ್ತವೆ. ಕಿತ್ತಳೆ ಪಟ್ಟಿ ಕುದುರೆ ಸವಾರರದ್ದು, ತ್ರಿಕೋನದ ಜತೆ ಎರಡು ವೃತ್ತ ಇದ್ದರೆ ಸೈಕಲ್ಲಿನವರದ್ದು, ಕಡಿಯಬೇಕಾದ ಮರಕ್ಕೆ ಅರಣ್ಯದವರು ಹಾಕಿದ ಗುರುತು ಮತ್ತೊಂದು. ಓಡುವ ವೇಗದಲ್ಲಿ ಇವುಗಳನ್ನು ನೋಡಿ ಮೋಸ ಹೋಗುವುದು ಸಾಮಾನ್ಯ. ಕವಲು ದಾಟಿದ ಮೇಲೆ ಐದು ನಿಮಿಷದಲ್ಲಿ ನಿಮ್ಮ ಗುರುತು ಕಾಣದಿದ್ದರೆ ಕೊನೆಯ ಗುರುತಿನವರೆಗೆ ಹಿಂತಿರುಗಿ. "ಮುಂದೆ ಎಲ್ಲೋ ಕೂಡಿಕೊಳ್ಳುತ್ತದೆ" ಎಂದು ಇಳಿಜಾರಿನಲ್ಲಿ ಮುಂದುವರಿದರೆ ಆ ಇಳಿಜಾರನ್ನೆಲ್ಲಾ ಮತ್ತೆ ಹತ್ತಬೇಕಾಗುತ್ತದೆ.

ಮೊರ್ವಾಂನಲ್ಲಿ ಹೆಚ್ಚು ಜನ ದಾರಿ ತಪ್ಪುವುದು ಮರ ಕಡಿದ ಬಯಲಿನಲ್ಲಿ. ಡಗ್ಲಸ್ ತೋಪನ್ನು ಒಂದೇ ಸಲಕ್ಕೆ ಬೋಳಿಸುತ್ತಾರೆ, ಮರದ ಜತೆ ಬಣ್ಣದ ಗುರುತೂ ಹೋಗುತ್ತದೆ. ನೆಲದ ತುಂಬ ಕೊಂಬೆಗಳ ಹಾಸು, ಅದರ ಕೆಳಗೆ ಟೊಳ್ಳು. ಕಾಲಿಟ್ಟರೆ ಮೊಣಕಾಲವರೆಗೆ ಇಳಿಯಬಹುದು. ಇಂಥ ಬಯಲನ್ನು ಅಡ್ಡ ಹಾಯಬೇಡಿ. ಅಂಚಿನಲ್ಲಿ ನಿಂತು, ಆಚೆ ಬದಿಯಲ್ಲಿ ದಾರಿ ಕಾಡಿಗೆ ಎಲ್ಲಿ ಹೊಗುತ್ತದೆಂದು ನಕ್ಷೆಯಲ್ಲಿ ಕಂಡುಕೊಂಡು, ಲಾರಿ ಓಡಾಡಿದ ಮಣ್ಣುದಾರಿ ಹಿಡಿದು ಸುತ್ತಿ ಹೋಗಿ. ಪೇರಿಸಿಟ್ಟ ದಿಮ್ಮಿಗಳ ಮೇಲೆ ಕೂರುವುದು, ಹತ್ತುವುದು ಖಂಡಿತ ಬೇಡ. ಒಂದು ಉರುಳಿದರೆ ಎಲ್ಲವೂ ಉರುಳುತ್ತವೆ. 'ಶಾಂತಿಯೇ ಫೊರೆಸ್ತಿಯೇ' ಎಂಬ ಫಲಕ ಕಂಡರೆ ಮರ ಕಡಿಯುವ ಕೆಲಸ ನಡೆದಿದೆ ಎಂದರ್ಥ, ಬೇರೆ ದಾರಿ ಹಿಡಿಯಿರಿ.

ನೆಲಕ್ಕೆ ತಕ್ಕ ಹೆಜ್ಜೆ

ಒಣಗಿದ ಗ್ರಾನೈಟ್ ಮರಳುಕಾಗದದಂತೆ ಶೂ ಹಿಡಿದುಕೊಳ್ಳುತ್ತದೆ. ಅದೇ ಬಂಡೆಗೆ ಪಾಚಿ ಕಟ್ಟಿ ಮಳೆ ಬಿದ್ದರೆ ಸೋಪು ಸವರಿದಂತೆ. ಬಣ್ಣ ನೋಡಿ ತಿಳಿಯಬಹುದು: ಬೂದು ಬಂಡೆಯ ಮೇಲೆ ಕಾಲಿಡಿ, ಹಸಿರು ಬಂಡೆಯನ್ನು ದಾಟಿ ಹೋಗಿ.

ಬೇರನ್ನೂ ದಾಟಿಯೇ ಹೋಗಬೇಕು. ಬೇರೆ ದಾರಿಯಿಲ್ಲದಿದ್ದರೆ ಪಾದವನ್ನು ಬೇರಿಗೆ ಅಡ್ಡವಾಗಿ ಇಡಿ. ಬೇರಿನ ಉದ್ದಕ್ಕೆ ಇಟ್ಟರೆ ಜಾರುವುದು ಖಚಿತ. ಓರೆ ನೆಲದಲ್ಲಿ ದಾರಿಯ ಉದ್ದಕ್ಕೆ ಸಾಗಿದ ಬೇರೇ ಎಲ್ಲಕ್ಕಿಂತ ಅಪಾಯದ್ದು.

ಅಕ್ಟೋಬರ್ ಕೊನೆಯಿಂದ ಬೀಚ್ ಎಲೆ ಉದುರಿ ನೆಲ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನೋಡಲು ಇಷ್ಟು ಚೆಲುವಾದ ಕಾಲ ಇನ್ನೊಂದಿಲ್ಲ, ಕಾಲ್ಗಿಣ್ಣು ಉಳುಕಲೂ ಅಷ್ಟೇ ಪ್ರಶಸ್ತ. ತರಗೆಲೆಯಡಿ ಕಲ್ಲು ಎಲ್ಲಿದೆ, ಗುಂಡಿ ಎಲ್ಲಿದೆ ಕಾಣುವುದಿಲ್ಲ. ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ, ಪಾದವನ್ನು ಮಟ್ಟಸವಾಗಿ ಇಡಿ, ಇಟ್ಟ ಪಾದಕ್ಕೆ ಪೂರ್ತಿ ಭಾರ ಬೀಳುವ ಮೊದಲೇ ಮುಂದಿನದನ್ನು ಎತ್ತಿ. ಇಳಿಜಾರಿನಲ್ಲಿ ಇದೇ ಕ್ರಮ ನಿಮ್ಮನ್ನು ಕಾಯುತ್ತದೆ: ಮೊಣಕಾಲು ಸ್ವಲ್ಪ ಬಾಗಿರಲಿ, ಕಣ್ಣು ಮೂರು ನಾಲ್ಕು ಮೀಟರ್ ಮುಂದಿರಲಿ, ತೋಳು ಅಗಲವಾಗಿರಲಿ. ಹೆದರಿ ಹಿಂದಕ್ಕೆ ವಾಲಿ ಹಿಮ್ಮಡಿಯೂರಿ ಬ್ರೇಕ್ ಹಾಕುವವರ ಕಾಲೇ ಮೊದಲು ಜಾರುವುದು, ಮರುದಿನ ತೊಡೆ ಹಿಡಿದುಕೊಳ್ಳುವುದೂ ಅವರದ್ದೇ.

ಮರ ಸಾಗಿಸುವ ಯಂತ್ರಗಳು ಬಂಡಿದಾರಿಯಲ್ಲಿ ಆಳದ ಚಡಿ ಮಾಡಿರುತ್ತವೆ. ಚಡಿಯ ನೀರಿನ ಆಳ ತಿಳಿಯದು, ಆದ್ದರಿಂದ ನಡುವಿನ ದಿಂಡಿನ ಮೇಲೆ ಓಡಿ. ಕಣಿವೆಯ ತಳದ ಜವುಗು ಹುಲ್ಲುಗಾವಲಿಗೆ ಇಲ್ಲಿಯವರು 'ಮುಯ್' ಎನ್ನುತ್ತಾರೆ. ಅಲ್ಲಿ ಜೊಂಡು ಬೆಳೆದ ಗುಡ್ಡೆಗಳ ಬುಡ ಗಟ್ಟಿ, ನಡುವಿನ ಹಸಿರು ಪಾಚಿ ಮೋಸ. ಹಳ್ಳ ದಾಟುವ ಮರದ ಹಲಗೆಯ ಮೇಲೆ ಓಡಬೇಡಿ, ತಿರುಗಬೇಡಿ. ನಡುವೆ ಹೆಜ್ಜೆ ಇಟ್ಟು ನೆಟ್ಟಗೆ ನಡೆದುಬಿಡಿ.

ಏರಿನಲ್ಲಿ ಉಸಿರು ಕಟ್ಟುವ ಮೊದಲೇ ನಡಿಗೆಗೆ ಇಳಿಯಿರಿ, ಕೈಯನ್ನು ತೊಡೆಯ ಮೇಲೂರಿ. ಕಡಿದಾದಲ್ಲಿ ಓಡುವವರಿಗೂ ಬಿರುಸಾಗಿ ನಡೆಯುವವರಿಗೂ ನೆತ್ತಿಯಲ್ಲಿ ಕೆಲವೇ ಸೆಕೆಂಡಿನ ಅಂತರ. ನಡೆದವರಿಗೆ ಮುಂದಿನ ಏರಿಗೆ ಕಾಲು ಉಳಿದಿರುತ್ತದೆ.

ಬೇಲಿ, ದನ, ಬೇಟೆ

ತೆರೆದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ದಾಟಿದ ಮೇಲೆ ಮುಚ್ಚಿ. ವಿದ್ಯುತ್ ಬೇಲಿಯನ್ನು ಪ್ಲಾಸ್ಟಿಕ್ ಹಿಡಿಯಿಂದ ಮಾತ್ರ ಮುಟ್ಟಿ, ದಾಟಿ ಮತ್ತೆ ಕೊಂಡಿ ಹಾಕಿ. ಬಿಳಿ ಶಾರೊಲೇ ದನಗಳು ಸಾಧು, ಆದರೆ ಕರು ಜತೆಗಿದ್ದರೆ ದೂರದಿಂದ ಸುತ್ತಿ ಹೋಗಿ, ಓಡಬೇಡಿ. ನಾಯಿ ಎದುರಾದರೂ ಓಟ ನಿಲ್ಲಿಸಿ ನಡೆಯಿರಿ. 'ಪ್ರೊಪ್ರಿಯೆತೇ ಪ್ರಿವೇ' ಎಂದರೆ ಖಾಸಗಿ ಆಸ್ತಿ. ಹೀಗೆ ಫಲಕ ಹಾಕಿದ ಕಾಡಿಗೆ ನುಗ್ಗುವುದು 2023ರ ಕಾಯಿದೆಯಂತೆ ದಂಡ ಬೀಳುವ ತಪ್ಪು.

ಬೇಟೆಯ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸೆಪ್ಟೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ಕಾಡುಹಂದಿ, ಜಿಂಕೆಗಳನ್ನು ಅಟ್ಟಿಸಿಕೊಂಡು ಬಂದು ಹೊಡೆಯುವ ಗುಂಪುಬೇಟೆ ನಡೆಯುತ್ತದೆ, ವಾರಾಂತ್ಯದಲ್ಲಿ ಇನ್ನೂ ಹೆಚ್ಚು. ರಸ್ತೆಯ ಬದಿಯಲ್ಲಿ 'ಶಾಸ್ ಆಂ ಕೂರ್', ಅಂದರೆ ಬೇಟೆ ನಡೆದಿದೆ ಎಂಬ ಫಲಕ ಕಂಡರೆ ಆ ಕಾಡಿಗೆ ಹೋಗಬೇಡಿ. ಹಿಂದಿನ ದಿನವೇ ಊರಿನ 'ಮೇರಿ', ಅಂದರೆ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿದರೆ ಯಾವ ದಿನ ಎಲ್ಲಿ ಎಂದು ತಿಳಿಯಬಹುದು. ಕಿತ್ತಳೆ ಬಣ್ಣದ ಟೋಪಿಯೂ ಅಂಗಿಯೂ ಇರಲಿ. ಕಿವಿಯಲ್ಲಿ ಹಾಡು ಬೇಡ, ಏಕೆಂದರೆ ಕೊಂಬಿನ ದನಿ, ನಾಯಿಗಳ ಬೊಗಳು ನಿಮಗೆ ಕೇಳಿಸಬೇಕು. ಬೇಟೆಗಾರ ಎದುರಾದರೆ ನಿಂತು "ಬೋಂಜೂರ್" ಹೇಳಿ, ಯಾವ ಕಡೆ ಹೋಗಬಹುದೆಂದು ಕೇಳಿ. ಕೈ ತೋರಿಸಿ ಹೇಳುತ್ತಾರೆ.

ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಗಂಡು ಕೆಂಪುಜಿಂಕೆಗಳು ಮದವೇರಿ ಕೂಗುವ ಕಾಲವೂ ಹೌದು. ಮುಂಜಾವು, ಮುಸ್ಸಂಜೆಗಳಲ್ಲಿ ಆ ದನಿ ಕೇಳಿದ ಕಡೆಗೆ ಹೋಗಬೇಡಿ.

ನೀರು, ಅಂಗಡಿ

ಸಣ್ಣ ಹಳ್ಳಿಗಳಲ್ಲಿ ಅಂಗಡಿಯೇ ಇರುವುದಿಲ್ಲ. ಇದ್ದರೂ ಮಧ್ಯಾಹ್ನ 12ರಿಂದ 2ರವರೆಗೆ ಬಾಗಿಲು ಹಾಕುವುದು ರೂಢಿ, ಬೇಕರಿಗಳಿಗೆ ಬಹಳ ಕಡೆ ಸೋಮವಾರ ರಜೆ. ನೀರಿಗೆ ಓಟಗಾರರು ನೆಚ್ಚಿಕೊಳ್ಳುವ ಜಾಗ ಊರಿನ ಸ್ಮಶಾನ. ಸಮಾಧಿಯ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇಟ್ಟಿರುತ್ತಾರೆ. 'ಓ ನೋಂ ಪೊತಾಬ್ಲ್' ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ. ಚಳಿಗಾಲದಲ್ಲಿ ಪೈಪು ಒಡೆಯದಿರಲೆಂದು ನಲ್ಲಿ ನಿಲ್ಲಿಸಿರಬಹುದು, ಅದನ್ನೇ ನಂಬಿ ಹೊರಡಬೇಡಿ. ಒಳಗೆ ಹೋದಾಗ ಟೋಪಿ ತೆಗೆದು, ಮೆಲ್ಲಗೆ ನಡೆದು, ಗೇಟು ಹಾಕಿ ಬನ್ನಿ. ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಸೋಸದೆ ಕುಡಿಯಬೇಡಿ, ಮೇಲೆ ದನ ಮೇಯುತ್ತಿರುತ್ತವೆ.

ಏನಾದರೂ ಆದರೆ 112ಕ್ಕೆ ಕರೆ ಮಾಡಿ. ಫ್ರೆಂಚ್ ಬಾರದಿದ್ದರೆ ಹತ್ತಿರದ ಹಳ್ಳಿಯ ಹೆಸರು, ಜಿಪಿಎಸ್ ಅಂಕಿ ನಿಧಾನವಾಗಿ ಹೇಳಿದರೂ ಸಾಕು. ಸಿಗ್ನಲ್ ಇಲ್ಲದಿದ್ದರೆ ದಿಬ್ಬದ ಮೇಲೆ ಹೋಗಿ ಪ್ರಯತ್ನಿಸಿ. ಗಾಯಗೊಂಡವರ ಹತ್ತಿರ ಒಬ್ಬರಾದರೂ ಇರಲಿ.

ಸ್ಪರ್ಧೆಗೆ ಹೆಸರು ಕೊಡುವವರು ಮೊದಲೇ ಕೇಳಿ ತಿಳಿಯಬೇಕಾದದ್ದು ಎರಡು. ಫೆಡರೇಶನ್ ಲೈಸೆನ್ಸ್ ಇಲ್ಲದ ವಯಸ್ಕರು ಫ್ರೆಂಚ್ ಅಥ್ಲೆಟಿಕ್ಸ್ ಫೆಡರೇಶನ್ನಿನ 'ಪೇ-ಪೇ-ಎಸ್' ಎಂಬ ಆರೋಗ್ಯ ಮಾಹಿತಿ ಕ್ರಮವನ್ನು ಆನ್‌ಲೈನ್‌ನಲ್ಲಿ ಮುಗಿಸಿ ಅದರ ಸಂಖ್ಯೆ ಕೊಡಬೇಕು. ಎರಡನೆಯದು, ದಾರಿಯಲ್ಲಿ ನೀರು ಕೊಡುವ ಕಟ್ಟೆಗಳಲ್ಲಿ ಸಾಮಾನ್ಯವಾಗಿ ಲೋಟ ಕೊಡುವುದಿಲ್ಲ, ನಿಮ್ಮದೇ ಮಡಚುವ ಲೋಟ ಬೇಕು.

ಓಟ ಮುಗಿದ ಮೇಲೆ: ಉಣುಗು

ಮಂಗನ ಕಾಯಿಲೆಯಿಂದಾಗಿ ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. ಇಲ್ಲಿನ ಉಣುಗು ಹರಡುವುದು ಬೇರೆ ಕಾಯಿಲೆ, ಬ್ಯಾಕ್ಟೀರಿಯಾದಿಂದ ಬರುವ ಲೈಮ್. ಎತ್ತರದ ಹುಲ್ಲು, ಜರೀಗಿಡ ತಾಗಿದಲ್ಲಿ ಹತ್ತಿಕೊಳ್ಳುತ್ತದೆ. ಮರಿ ಉಣುಗು ಗಸಗಸೆ ಕಾಳಿನಷ್ಟು ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಸ್ನಾನ ಮಾಡುವಾಗ ಮೊಣಕಾಲಿನ ಹಿಂಭಾಗ, ತೊಡೆಸಂದಿ, ಕಂಕುಳು, ಹೊಕ್ಕಳು, ಕಿವಿಯ ಹಿಂದೆ, ಕೂದಲಂಚು ಎಲ್ಲವನ್ನೂ ಬೆರಳಾಡಿಸಿ ನೋಡಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ರಕ್ತ ಕುಡಿದು ಊದಿಕೊಂಡದ್ದು ಆಗ ಕಾಣುತ್ತದೆ.

ಸಿಕ್ಕರೆ ಎಣ್ಣೆ ಹಚ್ಚುವುದು, ಬೆಂಕಿ ಮುಟ್ಟಿಸುವುದು, ಉಗುರಿನಿಂದ ಹಿಂಡುವುದು ಬೇಡ. ಹಿಂಡಿದರೆ ಅದರ ಹೊಟ್ಟೆಯಲ್ಲಿರುವುದು ನಿಮ್ಮ ಮೈಗೆ ಹೋಗುತ್ತದೆ. ಹಸಿರು ಶಿಲುಬೆಯ ಗುರುತಿರುವ ಔಷಧ ಅಂಗಡಿಯಲ್ಲಿ 'ತೀರ್-ತೀಕ್' ಕೇಳಿ. ಸೀಳು ತುದಿಯ ಪುಟ್ಟ ಪ್ಲಾಸ್ಟಿಕ್ ಕೊಕ್ಕೆ ಕೊಡುತ್ತಾರೆ. ಅದನ್ನು ಚರ್ಮಕ್ಕೆ ತಾಗಿಸಿ ಪಕ್ಕದಿಂದ ಉಣುಗಿನ ಕೆಳಗೆ ತೂರಿಸಿ, ಮೆಲ್ಲಗೆ ತಿರುಗಿಸುತ್ತಾ ಎತ್ತಿದರೆ ಇಡಿಯಾಗಿ ಬರುತ್ತದೆ. ಆಮೇಲೆ ಸೋಂಕುನಾಶಕ ಹಚ್ಚಿ, ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ, ಕ್ಯಾಲೆಂಡರಿನಲ್ಲಿ ದಿನಾಂಕ ಬರೆಯಿರಿ. 3ರಿಂದ 30 ದಿನಗಳೊಳಗೆ ಅಲ್ಲಿ ಕೆಂಪು ಕಲೆ ಎದ್ದು ದಿನದಿನಕ್ಕೆ ಉಂಗುರದಂತೆ ಅಗಲವಾಗತೊಡಗಿದರೆ, ನೋವಿಲ್ಲ ತುರಿಕೆಯಿಲ್ಲ ಎಂದು ಸುಮ್ಮನಿರದೆ ಆ ಫೋಟೋ, ಆ ದಿನಾಂಕದೊಂದಿಗೆ ವೈದ್ಯರ ಬಳಿ ಹೋಗಿ. ಆ ಹಂತದಲ್ಲಿ ಆಂಟಿಬಯೋಟಿಕ್ ಮಾತ್ರೆಯಲ್ಲೇ ಗುಣವಾಗುತ್ತದೆ.